ಒಂದೇ ಜೊತೆ

ರಾತ್ರಿ ಒಂದೂವರೆಗೆ ಟೀವಿಯೊಳಗೆ
ಇಂಗ್ಲೆಂಡಿನ ಒಂಬತ್ತನೇ ನಂಬರಿನವ ಕೊನೇ ಸಲ ಮೈದಾನ ಬಿಟ್ಟ.
ಕೆಳಗೆ ಅಂಕಿ ಓಡಿದವು:
ತಲೆಯಿಂದ ಇಷ್ಟು, ಎಡಗಾಲಿಂದ ಇಷ್ಟು, ಪೆನಾಲ್ಟಿ ಇಷ್ಟು.

ನಮ್ಮ ಸವರಪ್ಪನದು ಯಾರು ಬರೆದರು?
ಕೌಲ್ ಬಜಾರಿನ ಮನೆಯಲ್ಲಿ, ಒಲೆ ಹಿಂದಿನ ಗೋಡೆಗೆ
ಅವ್ವ ಇದ್ದಿಲ ಗೀಟೆಳೆಯುತ್ತಿದ್ದಳು, ಗೋಲಿಗೊಂದು.
ಕ್ರಿಸ್ಮಸ್ಸಿಗೆ ಸುಣ್ಣ ಬಿತ್ತೋ,
ಅಣ್ಣ ಮತ್ತೆ ಸೊನ್ನೆಯಿಂದ ಶುರು.

ಬೂಟು ಮನೆಗೊಂದೇ ಜೊತೆ.
ಎಡದ್ದು ಅವನಿಗೆ, ಅದೇ ಹೊಡೆಯುವ ಕಾಲು.
ಬಲದ್ದು ಗೋಲ್‌ಕೀಪರ್ ನನಗೆ.
ಉಳಿದೆರಡು ಪಾದ ಬಳ್ಳಾರಿಯ ಬಿಸಿಲಿಗೆ.

ಗುಂತಕಲ್ಲಿನ ರೈಲ್ವೆಯವರಿಗೆ ನಾಲ್ಕು ಹೊಡೆದ ದಿನ
ಅವರ ಸಾಹೇಬ ಕೇಳಿದ:
'ಕೆಲಸ ಕೊಡ್ತೀನಿ, ಬರ್ತೀಯಾ? ಇನ್ನೊಂದು ಬೂಟೆಲ್ಲಿ?'
ಅಣ್ಣ ನನ್ನ ಕಾಲು ನೋಡಿದ.
ನಾನು ಲೇಸು ಬಿಚ್ಚಿದೆ.

ನಾಲ್ಕು ಸೀಸನ್. ಆಮೇಲೆ ಮಂಡಿ ಹೋಯಿತು,
ಪಾರ್ಸೆಲ್ ಆಫೀಸಿನ ಕುರ್ಚಿ ಬಂತು.
ಬಲಗಾಲಲ್ಲೂ ಹೊಡೆಯುತ್ತಿದ್ದನಂತೆ ಅಲ್ಲಿ;
ನಾ ಕಾಣೆ. ಅವ್ವ ಕಾಗದ ಬಂದಾಗೆಲ್ಲ ಗೀಟೆಳೆದಳು,
ಸುಣ್ಣದವನನ್ನು ಬಾಗಿಲಿಂದಲೇ ಕಳಿಸಿದಳು.

ಟೀವಿ ಆರಿಸಿ ಫೋನು ಮಾಡಿದೆ: 'ನೋಡಿದ್ಯೇನಣ್ಣ?'
ಆ ಕಡೆ ಕೆಮ್ಮು, ಗೂಡ್ಸ್ ಗಾಡಿಯ ಸದ್ದು.
'ಎರಡನೇದು ಆಫ್‌ಸೈಡಲೇ ಅದು,' ಅಂದ.