ಮೂರು ಅಂಕದ ಪ್ರಶ್ನೆ

ಲಿಂಗಸುಗೂರಿನ ಪ್ರೌಢಶಾಲೆ, ಏಳನೇ ಕೋಣೆ.
ಫೆಬ್ರವರಿಗೇ ತಗಡು ಕಾದಿದೆ.
ಪೂರ್ವಸಿದ್ಧತಾ ಪರೀಕ್ಷೆಯ ಕಟ್ಟುಗಳು
ಊರು ಅದಲುಬದಲಾಗಿ ಬಂದಿವೆ:
ಮುದಗಲ್ಲಿನದು ಮಲ್ಲಿನಾಥ ಸರ್‌ಗೆ,
ಗುರುಗುಂಟಾದ್ದು ಖಮರುನ್ನೀಸಾ ಟೀಚರಿಗೆ,
ಹಟ್ಟಿಯದು ನನಗೆ.
ಹೆಸರಿಲ್ಲ, ಬರೀ ನಂಬರು.

ಮಾತ್ರೆ ಎಂದರೇನು?
"ಒಂದು ಲಘುವನ್ನು ಉಚ್ಚರಿಸಲು ಬೇಕಾಗುವ ಕಾಲ"
ಎಂದು ಇಪ್ಪತ್ತೆರಡು ಮಂದಿ, ಒಂದೇ ಗೈಡಿನ ಬಾಯಿಂದ.
ಇಪ್ಪತ್ತಮೂರನೆಯ ಹಾಳೆ:
"ಊಟಕ್ಕೆ ಮುಂಚೆ ಒಂದು, ಊಟವಾದ ಮೇಲೆ ಎರಡು."
ನಕ್ಕೆವು.
ಖಮರುನ್ನೀಸಾ ಟೀಚರ್ ಪರ್ಸು ತೆಗೆದು
ತಮ್ಮ ಬಿ.ಪಿ. ಮಾತ್ರೆ ನುಂಗಿ
"ಶ್ಲೇಷಕ್ಕರೆ ಅರ್ಧ ಕೊಡ್ರೀ ಪಾಪ" ಎಂದರು.
ಮೇಲೆ ಫ್ಯಾನು
ಗುರುವೊಂದು ಲಘುವೆರಡು, ಗುರುವೊಂದು ಲಘುವೆರಡು
ತಿರುಗುತ್ತ ತಿರುಗುತ್ತ
ಕರೆಂಟು ಹೋಗಿ
ಯತಿ.

ಮುಂದಿನದು ಮೂರು ಅಂಕಕ್ಕೆ:
ಉಪಮಾಲಂಕಾರಕ್ಕೆ ಸ್ವಂತ ಉದಾಹರಣೆ ಕೊಟ್ಟು ಸಮನ್ವಯಗೊಳಿಸಿ.
ಮುಖ ತಾವರೆಯಂತೆ, ಕಣ್ಣು ತಾವರೆಯಂತೆ,
ಒಬ್ಬನಿಗೆ ಹೆಡ್‌ಮಾಸ್ತರರ ಪಾದವೂ ತಾವರೆಯಂತೆ.
ಕೆಸರೇ ನಿಲ್ಲದ ಕಲ್ಲುಸೀಮೆಯಲ್ಲಿ
ಕಟ್ಟಿನ ತುಂಬ ತಾವರೆ.
ಹಟ್ಟಿಯಲ್ಲಿ ಟನ್ನು ಕಲ್ಲು ಒಡೆದು, ಅರೆದು, ತೊಳೆದರೆ
ಮೂರು ಗ್ರಾಂ ಬಂಗಾರ ಸಿಗುತ್ತದಂತೆ.
ಒಡೆಯುತ್ತ ಕೂತೆ, ಕೆಂಪು ಪೆನ್ನು ಹಿಡಿದು.

ಆಗ ಸಿಕ್ಕಿತು ನಾಲ್ಕುನೂರ ಹದಿನೇಳು.
ಎಡಕ್ಕೆ ವಾಲಿದ ಅಕ್ಷರ.

"ಅಪ್ಪ ಯುಗಾದಿಗೆ ಬರುತ್ತಾನಂತೆ.
ಉಪಮೇಯ: ಅಪ್ಪ
ಉಪಮಾನ:
ಉಪಮಾವಾಚಕ: ಅಂತೆ
ಸಮಾನಧರ್ಮ: ಬರುವುದು"

ಉಪಮಾನದ ಮುಂದೆ ಖಾಲಿಯೇನಲ್ಲ,
ಮೂರು ಸಲ ಬರೆದು ಮೂರು ಸಲ ಹೊಡೆದು ಹಾಕಿದೆ.
ಕಿಟಕಿಯ ಬೆಳಕಿಗೆ ಹಿಡಿದೆ.
ಮೊದಲನೆಯದು ಬಸ್ಸು.
ಎರಡನೆಯದು ಕರೆಂಟು.
ಮೂರನೆಯದರ ಮೇಲೆ ಪೆನ್ನು ಎಷ್ಟು ಒತ್ತಿದೆಯೆಂದರೆ
ಹಾಳೆಯ ಹಿಂಬದಿಗೆ ಗಾಯ ಮೂಡಿದೆ, ಅಕ್ಷರವಿಲ್ಲ.

ಮಲ್ಲಿನಾಥ ಸರ್ ಬಗ್ಗಿ ನೋಡಿದರು:
"ಆ ಅಂತೆ ಬ್ಯಾರೆ, ಈ ಅಂತೆ ಬ್ಯಾರೆ ಮೇಡಂ.
ಅದು ಹೋಲಿಕೆ. ಇದು ಮಂದಿ ಆಡಿದ ಮಾತು.
ಸೊನ್ನೆ ಹಾಕಿ ಮುಂದ ನಡೀರಿ."

ಖರೆ. ವ್ಯಾಕರಣ ಅವರ ಕಡೆಗಿದೆ.
ನನ್ನ ಕಡೆ ಇರುವುದು ನನ್ನದೇ ತಪ್ಪು:
ಹದಿನಾರು ವರ್ಷ ಹೇಳುತ್ತ ಬಂದಿದ್ದೇನೆ,
ವಾಕ್ಯದ ಬಾಲ ನೋಡ್ರಿ ಮಕ್ಕಳಾ,
ಅಂತೆ ಇದ್ದರೆ ಕಣ್ಣು ಮುಚ್ಚಿ ಉಪಮೆ ಅಂತ ಬರೀರಿ.
ಹಟ್ಟಿಯಲ್ಲೂ ಯಾರೋ ಒಬ್ಬರು
ಹೀಗೇ ಹೇಳಿರಬೇಕು.
ಮಗುವಿನ ಮನೆಯಲ್ಲಿ "ಬರ್ತಾನಂತ" ಅಂದಿದ್ದಾರೆ.
ಪರೀಕ್ಷೆಗೆಂದು ಅದರ ಕೊನೆಗೊಂದು ಎತ್ವ ಹಚ್ಚಿ,
ಹಬ್ಬಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಡಿಸುವ ಹಾಗೆ,
ಈ ಹಾಳೆಗೆ ಕಳಿಸಿದೆ.

"ಲುಪ್ತೋಪಮೆ ಅಂತ ಒಂದದ ಸರ್,
ನಾಲ್ಕರೊಳಗ ಒಂದು ಕಾಣದಿದ್ದರೂ ಉಪಮೆ ಉಪಮೆಯೇ."
"ಅದು ಹತ್ತನೇತ್ತೆಗೆ ಇಲ್ಲರೀ."

ಉಪಮೇಯಕ್ಕೆ ಅರ್ಧ ಕೊಟ್ಟೆ. ಅಪ್ಪ ಇದ್ದಾನೆ.
ಸಮಾನಧರ್ಮಕ್ಕೆ ಅರ್ಧ.
ಗಾಯದ ಮೇಲೆ ಪೆನ್ನು ತಡೆದು ನಿಂತಿತು,
ಶಾಯಿ ಇಳಿದು ಸಾಸಿವೆಯಷ್ಟು ಕೆಂಪಾಯಿತು.
ಒಟ್ಟು ಒಂದು.
ಕಟ್ಟಿಗೆ ದಾರ ಬಿಗಿದೆ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ,
ದೇವದುರ್ಗದ ಗಾಡಿ?
ಕಂಟ್ರೋಲರು ತಲೆ ಎತ್ತದೆ
"ಬರ್ತದಂತ, ನಿಂದರ್ರಿ" ಎಂದ.
ಹತ್ತಿಬೀಜದ ಚೀಲದವರು, ಕೂಸಿನವಳು,
ಲುಂಗಿ ಎತ್ತಿ ಕಟ್ಟಿದ ಇಬ್ಬರು ಹಮಾಲರು, ನಾನು,
ಯಾರಿಗೆ ಯಾರೂ ಹೋಲುವುದಿಲ್ಲ,
ಎಲ್ಲರ ಕತ್ತೂ ಒಂದೇ ತಿರುವಿಗೆ ಹೊರಳಿತ್ತು.

ಇನ್ನೊಂದು ಅರ್ಧ ಕೊಡಬಹುದಿತ್ತು.