ಮತ್ತೊಂದು

ಡೆಸ್ಕಿನಿಂದ ಫೋನು: ಮುನ್ನೂರು ಪದ ಸಾಕು, ಒಂದು ಫೋಟೊ.
ತಲೆಬರಹದಲ್ಲಿ ಕೊರೋನಾ ಬೇಡ,
ಜನ ಪುಟ ತಿರುವಿಬಿಡುತ್ತಾರೆ.

ದಾವಣಗೆರೆ ಜಿಲ್ಲಾಸ್ಪತ್ರೆ, ಹಳೇ ಕಟ್ಟಡದ ಪಡಸಾಲೆ.
ನೆಲಕ್ಕೆ ಹಳದಿ ಟೇಪು,
ಈ ತುದಿಗೊಂದು ಪ್ಲಾಸ್ಟಿಕ್ ಕುರ್ಚಿ, ಆ ತುದಿಗೊಂದು,
ನಡುವೆ ಮೂವತ್ತು ಮೀಟರ್.
ಆರು ನಿಮಿಷದಲ್ಲಿ ಎಷ್ಟು ಸುತ್ತು ನಡೆಯುತ್ತೀರಿ,
ಅದೇ ಪರೀಕ್ಷೆ. ಇದಕ್ಕೆ ಸಂಶೋಧನೆ ಅನ್ನುತ್ತಾರಾ
ಎಂದು ನಾನೇ ಕೇಳಿದೆ. ಡಾಕ್ಟರ್ ಸುಚೇತಾ ನಗಲಿಲ್ಲ.

ಚಮನ್‌ಸಾಬ್ ಚಪ್ಪಲಿ ಬಿಟ್ಟು ಟೇಪಿನ ಮೇಲೆ ನಿಂತರು,
ಮಸೀದಿಯ ಹೊಸಿಲಲ್ಲಿ ನಿಂತ ಹಾಗೆ.
ಮೂವತ್ತೊಂದು ವರ್ಷ ಮಂಡಕ್ಕಿ ಭಟ್ಟಿ,
ಮುಂಗೈಯಲ್ಲಿ ಈಗಲೂ ಉಸುಕು ಸಿಡಿದ ಕಲೆ.
'ಕಾದ ಉಸುಕಿಗೆ ಬಿದ್ದ ಅಕ್ಕಿ ಎಲ್ಲಾ ಅರಳಂಗಿಲ್ಲ ಅಕ್ಕಾರೆ,
ಜರಡಿ ಹಿಡಿದ್ರೆ ತಳದಾಗ ಗಟ್ಟಿ ಕಾಳು ಉಳಿತಾವು.
ಜ್ವರ ಹೋತು. ನಾನು ತಳದಾಗ ಉಳ್ದೆ.'

ಬರೆದುಕೊಂಡೆ. ಬರೆಯುವಾಗ 'ಜರಡಿ' ಸಿಗಲಿಲ್ಲ,
ಆಗಷ್ಟೇ ಕಿವಿಗೆ ಬಿದ್ದ ಪದ.
ನೋಟ್‌ಬುಕ್ಕಿನಲ್ಲಿ ಈಗಲೂ ಹಾಗೇ ಇದೆ:
ತೂತು ತೂತಿನದು.

ಸುತ್ತು ಎಣಿಸಿ ಎಂದರೆ ಅವರು ಸೇರಿನಲ್ಲಿ ಅಳೆದ ಹಾಗೆ ಎಣಿಸಿದರು:
ಲಾಭ.
ಎರಡು.
ಮೂರಕ್ಕೆ ಗೋಡೆ ಹಿಡಿದರು.
ನಾಲ್ಕಕ್ಕೆ ತುಟಿ ನೇರಳೆ. ಬೆರಳಿನ ಕ್ಲಿಪ್ಪು ಕೀಂಗುಟ್ಟಿತು.
ಐದು.
ಆರು ಎನ್ನುವಷ್ಟರಲ್ಲಿ ಕುರ್ಚಿ ಸಿಕ್ಕಿತ್ತು, ಕೂತುಬಿಟ್ಟರು.
'ಇನ್ನೂ ಐವತ್ತು ಸೆಕೆಂಡ್ ಐತಿ, ಆದ್ರೆ ಏಳಿ' ಅಂದ
ಟೆಕ್ನಿಶಿಯನ್ ಹುಡುಗ ಅಂಜಿನಪ್ಪ.
'ಏಳು ಅನ್ಬ್ಯಾಡಪ್ಪ, ರಾಶಿ ಎದ್ದು ಹೊಕ್ಕತಿ.
ಮತ್ತೊಂದು ಅನ್ನು.'
ಹುಡುಗ ಗಡಿಯಾರ ನೋಡಿದ. ಅಂದ: 'ಮತ್ತೊಂದು.'
ಅವರು ಏಳಲಿಲ್ಲ.

ಇದಾದ ಮೇಲೆ ಗುಳಿಗೆ ಏನರ ಕೊಡ್ತಾರಾ, ಕೇಳಿದರು.
ಇಲ್ಲ, ಈಗ ಬರೀ ಮಾಹಿತಿ, ಎಂದರು ಡಾಕ್ಟರ್,
ಸುಳ್ಳು ಹೇಳಲು ಬರದ ಮುಖ.
ಚಮನ್‌ಸಾಬ್ ಸ್ವಲ್ಪ ಹೊತ್ತು ಉಸಿರನ್ನೇ ಕಾದರು.
'ಜುಲೇಖಾಗೆ ಅವಾಗ ಟೆಸ್ಟೇ ಆಗ್ಲಿಲ್ಲ,
ಎದೆನೋವು ಅಂತ ಬರಕಂಡ್ರು.
ನಾನಾದ್ರೂ ಲೆಕ್ಕಕ್ಕೆ ಬರ್ಲಿ ಬರ್ಕಳ್ರಿ.'

ಹೋಲಿಕೆಗೆ ಸೋಂಕೇ ತಗಲದವರೂ ಬೇಕಂತೆ.
ಸಿಗುತ್ತಿಲ್ಲ.
ನಮಗೇನೂ ಆಗಿಲ್ಲ ಎಂದು ಎದೆ ತಟ್ಟಿ ಬರುತ್ತಾರೆ,
ರಕ್ತ ಬೇರೆ ಹೇಳುತ್ತದೆ.
ನಿಮಗೆ? ಎಂದರು ಡಾಕ್ಟರ್, ಫೈಲು ಕಟ್ಟುತ್ತಾ.
ಸ್ವಲ್ಪ ಮರೆವು, ಅಂದೆ. ಎಲ್ಲರಿಗೂ ಇರುತ್ತದಲ್ಲ.
ಎಷ್ಟು ದಿನದಿಂದ?
ಉತ್ತರಕ್ಕೆ ನಾನು ನೋಟ್‌ಬುಕ್ಕಿನ ಹಿಂದಿನ ಹಾಳೆಗಳನ್ನು ತಿರುವಿದೆ.

ವರದಿ ಬಂತು. ಐದನೇ ಪುಟ, ಒಡವೆ ಅಂಗಡಿಯ ಜಾಹೀರಾತಿನ ಕೆಳಗೆ,
ನೂರಾ ಎಂಬತ್ತು ಪದ.
ವಯಸ್ಸು ಸರಿ, ಊರು ಸರಿ, ಆರು ಸುತ್ತು ಸರಿ.
'ಚೇತರಿಸಿಕೊಳ್ಳುತ್ತಿದ್ದಾರೆ' ಎಂಬುದು ನನ್ನದಲ್ಲ,
ಯಾರೋ ರಾತ್ರಿಪಾಳಿಯವರು ಸೇರಿಸಿದ್ದು.
ಜುಲೇಖಾ ಇರಲಿಲ್ಲ.

ಸಂಜೆ ಅಶೋಕ ರಸ್ತೆಯ ರೈಲ್ವೆ ಗೇಟು ಹಾಕಿತ್ತು.
ಬೈಕು ಆಟೊ ಎಲ್ಲ ಎಂಜಿನ್ ಆರಿಸಿ ಕೂತಿದ್ದವು,
ನನ್ನ ಸ್ಕೂಟಿಯ ಕೊಕ್ಕೆಗೆ ಚಮನ್‌ಸಾಬ್ ಕೊಟ್ಟ ಮಂಡಕ್ಕಿ ಚೀಲ,
ಗಾಳಿಗೂ ತೂಕವಿಲ್ಲದ್ದು.
ಗೂಡ್ಸು ಬಂತು. ನನ್ನನ್ನು ನಾನೇ ಪರೀಕ್ಷಿಸಿಕೊಳ್ಳೋಣ ಎಂದು
ಡಬ್ಬಿ ಎಣಿಸತೊಡಗಿದೆ, ಯಾರಿಗೂ ಕೇಳದಂತೆ, ತುಟಿಯೊಳಗೆ:
ಲಾಭ, ಎರಡು, ಮೂರು,
ನಾಲ್ಕು, ಐದು, ಆರು,
ಮತ್ತೊಂದು,

ಅದರ ಮುಂದಿನದು ನಾಲಿಗೆಯ ತುದಿಯಲ್ಲೇ ಇತ್ತು.
ಗೇಟು ಎದ್ದಿತು.
ಹಿಂದಿನವರು ಹಾರ್ನ್ ಹೊಡೆಯತೊಡಗಿದರು.