ಇಂದಿನ ದರದಾಗ

ಮೊಬೈಲ್ ಹಿಡದು ಮೊಮ್ಮಗ ಓದತಾನ:
ಸಾವಿರ ಕೋಟಿ, ಎರಡು ಸಾವಿರ ಕೋಟಿ.
"ನಿಮ್ಮ ತಗಡಿನ ಟಾಕೀಜಿನ ಗಲ್ಲಾ ಎಷ್ಟಜ್ಜಾ?"

ಬನಹಟ್ಟ್ಯಾಗ ನೆಲಕ್ಕ ಆರಾಣೆ.
ಎಂಟು ಗಜದ ಸೀರಿಗೆ ಕೂಲಿ ಮೂರು ರೂಪಾಯಿ,
ಅಂದರ ಒಂದು ಟಿಕೆಟ್ಟು ಒಂದು ಗಜ.
ಈಗಿನ ಮೆತ್ತನ್ನ ಕುರ್ಚಿಗೆ ಎಷ್ಟು ಗಜ ಆಗತದ, ಹೇಳು?
ಅವ ಬೆರಳು ಮಡಚಿದ, ಬಿಟ್ಟ.

ಮಡಿಲಾಗಿನ ಕೂಸು ಲೆಕ್ಕಕ್ಕಿಲ್ಲ.
ತಗಡಿನ ತೂತಿಗೆ ಕಣ್ಣು ಹಚ್ಚಿದವರಿಲ್ಲ.
ಕರದ ಸಾಹೇಬ ಬಂದರ ಒಂದು ವಹಿ,
ಬರದಿದ್ದರ ಇನ್ನೊಂದು.
ಎರಡನ್ನೂ ಬರದವ ನಾನs.

ಗ್ವಾಡಿ ಆಚೆ ಶಾವಂತ್ರೆವ್ವ
ಕಂಡಿಕಿ ಸುತಗೋತ
ಒಂದs ಪಿಚ್ಚರ್ ನಲವತ್ತು ದಿನ ಕೇಳಿದಳು.
ತಾಯಿ ಸಾಯೋ ಸೀನಿಗೆ
ರಾಟಿ ಗಪ್ಪನ ನಿಲ್ಲತಿತ್ತು.
ಗೇಟಿನಾಗ ನಿಂತು ನಾ ಕೇಳಿದ್ದು ಅದನ್ನs,
ಪಿಚ್ಚರ್ ಅಲ್ಲ.

ಒಂದು ದಿನ ಪುಕ್ಕಟ ಪಾಸು ಒಯ್ದು ಕೊಟ್ಟೆ.
"ನೋಡಿದರ ಸಣ್ಣದಾಗತದೋ ಬಂದೇನವಾಜ" ಅಂದಳು.
ಬರಲಿಲ್ಲ.

"ಹಂಗಾರ ಆಕೀದು ಸೊನ್ನಿ" ಅಂದ ಮೊಮ್ಮಗ.

ತಡಿಯೋ.
ರಾಟಿ ನಿಂತಷ್ಟು ಹೊತ್ತಿಗೆ
ಎರಡು ಕಂಡಿಕಿ ಸುತ್ತಬಹುದಿತ್ತು.
ಎರಡು ಕಂಡಿಕಿ, ನಲವತ್ತು ದಿನ.
ಕೂಲಿ ಮುರದು ಕೊಟ್ಟಾಳ.
ಬರಕೋ.